ಅವಸರದ ಅಂಚೆ

ಮೋಸದ ಮೇಲ್‌ಗೆ ಮೊದಲು ಬೇಕಾದದ್ದು ನಮ್ಮ ಗಾಬರಿ. ಅದು ಸಿಕ್ಕಿಬಿಟ್ಟರೆ ಹಣ ತಾನಾಗಿಯೇ ಕೈಬಿಡುತ್ತದೆ.

*

'ನಿಮ್ಮ ಖಾತೆ ಇಂದು ರಾತ್ರಿ 12ಕ್ಕೆ ಬಂದ್ ಆಗಲಿದೆ.' 'ಕೆವೈಸಿ ಅವಧಿ ಮುಗಿದಿದೆ.' 'ನಿಮ್ಮ ಖಾತೆಯಿಂದ 49,999 ರೂಪಾಯಿ ಕಡಿತವಾಗಿದೆ, ನೀವಲ್ಲದಿದ್ದರೆ ತಕ್ಷಣ ಇಲ್ಲಿ ಒತ್ತಿ.' ಮೇಲೆ ಫೋನ್‌ಪೇ ಎಂದೋ ಪೇಟಿಎಂ ಎಂದೋ ಪೇಪಾಲ್ ಎಂದೋ ಹೆಸರು, ಪಕ್ಕದಲ್ಲಿ ಅಚ್ಚುಕಟ್ಟಾದ ಲಾಂಛನ. ಹೆಸರು ಯಾವುದಿದ್ದರೂ ಹೇಳುವುದು ಒಂದೇ ಮಾತು: ಯೋಚಿಸುವ ಮೊದಲು ಒತ್ತು.

ಗಡುವು ಹಾಕಿದವರು ಯಾರು ಎಂದು ಗೊತ್ತಾಗುವವರೆಗೆ ಅದು ಗಡುವೇ ಅಲ್ಲ.

*

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋಗಿ ನಿಂತು ನೋಡಿ. ನೂಲು ತೆಗೆಯುವ ರೀಲರ್ ಬೆಲೆ ಹಾಕುವ ಮೊದಲು ಲಾಟಿನ ಮೇಲ್ಪದರ ಸರಿಸಿ, ಒಳಕ್ಕೆ ಕೈ ಹಾಕಿ ಒಂದು ಹಿಡಿ ಗೂಡು ಎತ್ತುತ್ತಾನೆ. ಬೆರಳ ನಡುವೆ ಒತ್ತಿ ಗಟ್ಟಿತನ ನೋಡುತ್ತಾನೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳುತ್ತಾನೆ. ತೆಳ್ಳನೆಯ ಕಳಪೆ ಗೂಡು, ಅಂದರೆ ಜಿಲ್ಲಿ, ಎಷ್ಟು ಬೆರೆತಿದೆ ಎಂದು ಕಣ್ಣಲ್ಲೇ ಅಂದಾಜು ಮಾಡುತ್ತಾನೆ. ತಂದ ರೈತನ ಮೇಲೆ ಅವನಿಗೆ ಸಿಟ್ಟೂ ಇಲ್ಲ, ಅನುಮಾನವೂ ಇಲ್ಲ. ನೋಡದೆ ಕೊಳ್ಳುವುದು ಕಸುಬಿನ ಮರ್ಯಾದೆಯಲ್ಲ, ಅಷ್ಟೆ. ಇನ್‌ಬಾಕ್ಸಿಗೆ ಬಂದ ಕಾಗದವನ್ನೂ ಆ ಕೈಯಲ್ಲೇ ಹಿಡಿಯಬೇಕು.

*

ಗೂಡಿನ ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ, ಹಣ ನೇರ ರೈತನ ಖಾತೆಗೆ ಹೋಗುತ್ತದೆ. ಒಳ್ಳೆಯದೇ ಆಗಿದೆ. ಆದರೆ ಹಣ ಬರಬೇಕಾದವನು ದಿನವಿಡೀ ಫೋನಿನ ಸದ್ದಿಗೆ ಕಿವಿ ಕೊಟ್ಟಿರುತ್ತಾನೆ. ಚಿಂತಾಮಣಿಯ ಎಪಿಎಂಸಿಗೆ ಟೊಮೆಟೊ ಹಾಕಿ ಬಂದವನೂ ಹಾಗೆಯೇ. 'ನಿಮ್ಮ ಪಾವತಿ ತಡೆಹಿಡಿಯಲಾಗಿದೆ' ಎಂಬ ಸುಳ್ಳು ಅಂಥವರನ್ನು ತಟ್ಟುವಷ್ಟು ಬೇರೆ ಯಾರನ್ನೂ ತಟ್ಟುವುದಿಲ್ಲ. ವಂಚಕನಿಗೆ ನಮ್ಮ ಊರು ಗೊತ್ತಿರಬೇಕಿಲ್ಲ, ನಾವು ಏನನ್ನೋ ಕಾಯುತ್ತಿದ್ದೇವೆ ಎನ್ನುವುದಷ್ಟು ಗೊತ್ತಿದ್ದರೆ ಸಾಕು. ಕಾಯದೆ ಇರುವವರು ಯಾರಿದ್ದಾರೆ?

*

ಕಳುಹಿಸಿದವರ ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಆ ಹೆಸರಿನ ಮೇಲೆ ಬೆರಳಿಟ್ಟರೆ ಹಿಂದಿನ ವಿಳಾಸ ತೆರೆದುಕೊಳ್ಳುತ್ತದೆ. ಮೊದಲು ಓದಬೇಕಾದದ್ದು ಅದನ್ನು.

*

ವಿಳಾಸ ಓದುವುದಕ್ಕೂ ಒಂದು ಕ್ರಮವಿದೆ. ಉದ್ದನೆಯ ಲಿಂಕಿನ ಆರಂಭದಲ್ಲಿ ಪರಿಚಿತ ಹೆಸರು ಕಂಡ ಕೂಡಲೇ ನಮ್ಮ ಕಣ್ಣು ತೃಪ್ತಿಪಟ್ಟು ನಿಂತುಬಿಡುತ್ತದೆ. ಮೋಸ ಇರುವುದು ಅದರ ಮುಂದೆ. ಶುರುವಿನ ಎರಡು ಓರೆಗೀಟು ಬಿಟ್ಟು, ಆಮೇಲೆ ಬರುವ ಮೊದಲ ಓರೆಗೀಟಿನವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಬೇಕು. ಓರೆಗೀಟಿಗೆ ಅಂಟಿಕೊಂಡಿರುವ 'ಡಾಟ್ ಕಾಮ್', 'ಡಾಟ್ ಇನ್' ಥರದ ಬಾಲಕ್ಕೆ ತಾಗಿ ಎಡಕ್ಕಿರುವ ಹೆಸರೇ ತಾಣದ ಒಡೆಯನದು. ಆ ಹೆಸರಿನ ಎಡಕ್ಕೆ ಎಷ್ಟು ದೊಡ್ಡ ಬ್ಯಾಂಕಿನ ಹೆಸರಿದ್ದರೂ ಅದು ಬರಿಯ ಅಲಂಕಾರ.

ಇಂಗ್ಲಿಷಿನ 'ಎಲ್' ಅಕ್ಷರದ ಜಾಗದಲ್ಲಿ 1 ಅಂಕಿ, 'ಓ' ಜಾಗದಲ್ಲಿ ಸೊನ್ನೆ. ಫೋನಿನ ಸಣ್ಣ ಪರದೆಯಲ್ಲಿ ಇವು ಕಣ್ತಪ್ಪುವುದು ದಡ್ಡತನವಲ್ಲ. ಕಣ್ತಪ್ಪಲೆಂದೇ ಅವನ್ನು ಮಾಡಿರುತ್ತಾರೆ.

*

ಬೀಗದ ಗುರುತು ಕಂಡರೆ ಸಾಕು, ತಾಣ ಸುರಕ್ಷಿತ ಎಂದು ಒಂದು ಕಾಲದಲ್ಲಿ ಹೇಳಿಕೊಟ್ಟರು. ನಾವು ಕಳಿಸುವ ಮಾತನ್ನು ನಡುದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂಬುದಷ್ಟೇ ಆ ಬೀಗದ ಅರ್ಥ. ಆ ಮಾತು ತಲುಪುವುದೇ ಕಳ್ಳನಿಗಾದರೆ ಬೀಗ ಏನೂ ಮಾಡಲಾರದು. ಆ ಹಳೆಯ ಪಾಠವನ್ನು ಈಗಲಾದರೂ ವಾಪಸು ಪಡೆಯಬೇಕು.

*

ಇನ್ನೊಂದು ಹಳೆಯ ಸಲಹೆ: ಇಂಗ್ಲಿಷಿನಲ್ಲಿ ತಪ್ಪುಗಳಿದ್ದರೆ ಮೋಸದ ಮೇಲ್ ಎಂದು ತಿಳಿಯಿರಿ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಆಡುವ ಚಿಂತಾಮಣಿಯ ಹೆಣ್ಣುಮಗಳಿಗೆ ಆ ಸಲಹೆ ಎಂದೂ ಉಪಯೋಗಕ್ಕೆ ಬರಲಿಲ್ಲ. ಇಂಗ್ಲಿಷಿನಲ್ಲಿ ಬಂದದ್ದೆಲ್ಲ ಸರ್ಕಾರಿ ಕಾಗದದ ಹಾಗೆ ಕಂಡರೆ ಅದು ಅವಳ ತಪ್ಪೂ ಅಲ್ಲ. ಈಗ ಯಂತ್ರವೇ ತಪ್ಪಿಲ್ಲದ ಇಂಗ್ಲಿಷ್ ಬರೆದುಕೊಡುತ್ತದೆ, ಓದಿಸಿಕೊಂಡು ಹೋಗುವ ಕನ್ನಡವನ್ನೂ ಬರೆದುಕೊಡುತ್ತದೆ. ವ್ಯಾಕರಣ ನೋಡಿ ಕಳ್ಳನನ್ನು ಹಿಡಿಯುವ ಕಾಲ ಮುಗಿಯಿತು. ಕಾಗದ ಹೇಗೆ ಮಾತಾಡುತ್ತದೆ ಎನ್ನುವುದನ್ನು ಬಿಟ್ಟು, ನಮ್ಮಿಂದ ಏನು ಮಾಡಿಸಲು ಹೊರಟಿದೆ ಎಂದು ನೋಡಬೇಕು. ಒತ್ತಿಸಲೋ, ಪಿನ್ ಹಾಕಿಸಲೋ, ಒಟಿಪಿ ಹೇಳಿಸಲೋ, ಯಾವುದೋ ಆ್ಯಪ್ ಇಳಿಸಿಕೊಳ್ಳುವಂತೆ ಮಾಡಲೋ ಹೊರಟಿದ್ದರೆ, ಅದು ಯಾವ ಭಾಷೆಯಲ್ಲಿದ್ದರೂ ಒಂದೇ.

*

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಪವಾಡ ಮಾಡುವವರು ಪರೀಕ್ಷೆಗೆ ಒಳಗಾಗಲಿ ಎಂಬುದೇ ಅವರು ಕೇಳಿದ್ದು. ತೋರಿಸುವವನು ಇಟ್ಟ ಜಾಗದಲ್ಲಿ, ಅವನೇ ಹಾಕಿದ ಷರತ್ತಿನಲ್ಲಿ ನೋಡಿದ್ದಕ್ಕೆ ಪುರಾವೆಯ ಬೆಲೆಯಿಲ್ಲ. ಚಿಕ್ಕಬಳ್ಳಾಪುರದ ಈ ಸೀಮೆಗೆ ಅವರು ಬಿಟ್ಟುಹೋದ ಆಸ್ತಿ ಇದು. ಗೌರಿಬಿದನೂರು, ಬಾಗೇಪಲ್ಲಿಗಳ ನ್ಯಾಷನಲ್ ಕಾಲೇಜುಗಳಲ್ಲಿ ಓದಿದವರು ಇಂದು ಮನೆಯಲ್ಲಿ ತಾತ, ಅಜ್ಜಿಯರ ಫೋನು ನೋಡಿಕೊಳ್ಳುವವರಾಗಿದ್ದಾರೆ. ಆಸ್ತಿಯನ್ನು ಖರ್ಚು ಮಾಡಬೇಕಾದ ಜಾಗ ಅದೇ.

*

ಸಂದೇಹ ಬಂದರೆ ಮೇಲ್ ಮುಚ್ಚಿ, ನೀವು ದಿನವೂ ಬಳಸುವ ಆ್ಯಪನ್ನು ನೀವೇ ತೆರೆಯಿರಿ. ನಿಜವಾದ ತೊಂದರೆ ಅಲ್ಲಿಯೂ ಕಾಣುತ್ತದೆ. ಸುಳ್ಳು ತೊಂದರೆಗೆ ಆ ಮೇಲ್ ಬಿಟ್ಟರೆ ಬೇರೆ ಮನೆಯಿಲ್ಲ.

*

'ನಾನು ಇಮೇಲ್ ನೋಡೋದೇ ಇಲ್ಲ, ನನಗ್ಯಾಕೆ ಇದೆಲ್ಲ?' ಎನ್ನುವವರು ಹಳ್ಳಿಹಳ್ಳಿಯಲ್ಲಿದ್ದಾರೆ. ಫೋನು ಕೊಂಡ ದಿನ ಅಂಗಡಿಯ ಹುಡುಗನೇ ಒಂದು ಐಡಿ ಮಾಡಿ, ಒಂದು ಪಾಸ್‌ವರ್ಡ್ ಹಾಕಿ ಕೊಟ್ಟಿರುತ್ತಾನೆ. ಪಾಸ್‌ವರ್ಡ್ ಎಷ್ಟೋ ಸಲ ಅವರ ಮೊಬೈಲ್ ನಂಬರೇ. ಆಮೇಲೆ ಅದರ ನೆನಪು ಯಾರಿಗೂ ಇರುವುದಿಲ್ಲ. ಆದರೆ ಫೋನಿನ ಫೋಟೊ, ನಂಬರುಗಳು, ಉಳಿಸಿಟ್ಟ ಪಾಸ್‌ವರ್ಡ್‌ಗಳು, ಮರೆತುಹೋದ ಖಾತೆಗಳನ್ನು ಮತ್ತೆ ತೆರೆಯುವ ದಾರಿ ಎಲ್ಲವೂ ಆ ಐಡಿಗೇ ಕಟ್ಟಿಕೊಂಡಿರುತ್ತವೆ. ನೋಡದ ಇಮೇಲ್ ಕೂಡ ನಮ್ಮದೇ. ಒಂದು ಭಾನುವಾರ ಮಗನನ್ನೋ ಸೊಸೆಯನ್ನೋ ಕೂರಿಸಿಕೊಂಡು ಆ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿಸಿಕೊಳ್ಳಿ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೂ ನಿಮ್ಮ ಪಾಸ್‌ವರ್ಡ್ ನಿಮಗೆ ಮಾತ್ರ ಗೊತ್ತಿರಬೇಕು.

*

ಹಣ ಪಡೆಯಲು ಪಿನ್ ಬೇಡ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಯುಪಿಐ ಪಿನ್ ಹಾಕಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಇದನ್ನು ತಿಳಿಯದವರ ಪಿನ್ನಿನ ಮೇಲೇ 'ರೀಫಂಡ್' ಎಂಬ ಸುಳ್ಳು ಬಹಳ ವರ್ಷ ಬದುಕಿತು. 2025ರ ಅಕ್ಟೋಬರ್ 1ರಿಂದ ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ಹಣ ಕೇಳಿ ಕಳಿಸುವ 'ಕಲೆಕ್ಟ್' ವಿನಂತಿಯನ್ನು ಯುಪಿಐ ನಡೆಸುವ ಎನ್‌ಪಿಸಿಐ ನಿಲ್ಲಿಸಿದ್ದು ಅದಕ್ಕೇ. ಒಂದು ಬಾಗಿಲು ಮುಚ್ಚಿತು. ಆದರೆ ನಕಲಿ ಪುಟದಲ್ಲಿ ಪಿನ್ ಬರೆಸಿಕೊಳ್ಳುವವನಿಗೆ ಆ ಬಾಗಿಲು ಎಂದೂ ಬೇಕಿರಲಿಲ್ಲ.

*

ಪೇಪಾಲ್ ಭಾರತದೊಳಗಿನ ಪಾವತಿಗಳನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. ಹೊರದೇಶದ ವ್ಯವಹಾರ ಮಾತ್ರ ಉಳಿದಿದೆ. ಹೊರದೇಶದ ಗಿರಾಕಿಗೆ ಮನೆಯಿಂದಲೇ ಕೆಲಸ ಮಾಡಿಕೊಡುವ ಚಿಕ್ಕಬಳ್ಳಾಪುರದ ಹುಡುಗನಿಗೆ ಆ ಖಾತೆ ಇರಬಹುದು. ಉಳಿದವರಿಗೆ 'ನಿಮ್ಮ ಪೇಪಾಲ್ ಖಾತೆ ಸ್ಥಗಿತ' ಎಂದು ಬಂದರೆ, ಇಲ್ಲದ ಖಾತೆ ಸ್ಥಗಿತವಾಗುವುದು ಹೇಗೆ ಎಂದು ಕೇಳಿಕೊಂಡರೆ ಸಾಕು.

ಆ ಹುಡುಗನ ಪಾಡು ಅಷ್ಟು ಸುಲಭವಲ್ಲ. ವಂಚಕರು ಪೇಪಾಲ್‌ನಲ್ಲೇ ಖಾತೆ ತೆರೆದು, ಅಲ್ಲಿಂದಲೇ ಸುಳ್ಳು ಬಿಲ್ಲು ಕಳಿಸುತ್ತಾರೆ. ಮೇಲ್ ಬಂದ ವಿಳಾಸ ಅಸಲಿ, ಲಾಂಛನವೂ ಅಸಲಿ. ಬಿಲ್ಲಿನ ಒಳಗಿನ ಟಿಪ್ಪಣಿ ಮಾತ್ರ ಅವರದು: 'ಇದು ನೀವು ಮಾಡಿದ ಖರೀದಿ ಅಲ್ಲದಿದ್ದರೆ ಈ ನಂಬರಿಗೆ ಕರೆ ಮಾಡಿ.' ಒತ್ತುವ ಲಿಂಕೂ ಪೇಪಾಲ್‌ನದೇ; ಮೋಸ ಇರುವುದು ಆ ನಂಬರಿನಲ್ಲಿ. ಕರೆ ಮಾಡಿದವನ ಫೋನಿನಲ್ಲಿ ಪರದೆ ಹಂಚುವ ಆ್ಯಪ್ ಹಾಕಿಸುತ್ತಾರೆ. ವಿಳಾಸ ಸರಿಯಿದ್ದ ಮಾತ್ರಕ್ಕೆ ಮಾತು ಸರಿಯಿರಬೇಕಿಲ್ಲ. ಹೀಗೆ ಬಂದ ಬಿಲ್ಲಿಗೆ ಹಣ ಕೊಡದಿದ್ದರೆ ಏನೂ ಕಡಿತವಾಗುವುದಿಲ್ಲ. ತನ್ನ ಖಾತೆಗೆ ತಾನೇ ಹೋಗಿ ನೋಡಿ ಬಂದರೆ ಆಯಿತು.

*

ರೇಷ್ಮೆ, ಹೂವು, ದ್ರಾಕ್ಷಿಯ ವ್ಯಾಪಾರಿಗಳಿಗೆ ಬರುವ ಕಾಗದ ಬೇರೆ ಥರದ್ದು. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಹಣ ಇದಕ್ಕೆ ಹಾಕಿ.' ಹಳೆಯ ವ್ಯವಹಾರಸ್ಥರ ಹೆಸರು, ಹಳೆಯ ಬಿಲ್ಲಿನ ನಂಬರ್ ಎಲ್ಲ ಸರಿಯಿರುತ್ತದೆ. ಖಾತೆ ನಂಬರ್ ಬದಲಾದ ಮೇಲ್‌ಗೆ ಮೇಲ್‌ನಲ್ಲೇ ಉತ್ತರಿಸಬೇಡಿ. ನಿಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ, ದನಿ ಕೇಳಿ.

*

ಬ್ಯಾಂಕುಗಳ ತಾಣಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಆ ಕೊನೆಯನ್ನು ಬ್ಯಾಂಕುಗಳಿಗೆ ಬಿಟ್ಟರೆ ಬೇರೆಯವರಿಗೆ ಕೊಡುವುದಿಲ್ಲ. ಅಜ್ಜಿಗೂ ಕಲಿಸಬಹುದಾದ ಗುರುತು ಇದು. ಬ್ಯಾಂಕಿನ ಕೌಂಟರಿನ ಗಾಜಿಗೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದರೆ ಎಷ್ಟೋ ಉಪಕಾರ.

*

ಈ ಮೋಸಕ್ಕೆ ನಮ್ಮ ಕಾನೂನಿನಲ್ಲಿ ಹೆಸರಿಲ್ಲದ ಕಾಲದಲ್ಲೇ, 2005ರಲ್ಲಿ, ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನಾಸ್ಕಾಂ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ ಫಿಶಿಂಗ್ ಕಾನೂನುಬಾಹಿರ ಎಂದಿತು. ನಾಸ್ಕಾಂ ಹೆಸರಿನಲ್ಲಿ ಸುಳ್ಳು ಮೇಲ್ ಕಳಿಸಿ ಜನರ ವಿವರ ಸಂಗ್ರಹಿಸಿದವರು 16 ಲಕ್ಷ ರೂಪಾಯಿ ಕೊಟ್ಟು ರಾಜಿಯಾದರು. ಈಗ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿದೆ, 3 ವರ್ಷದವರೆಗೆ ಜೈಲು. ಬೇರೆಯವರ ಹೆಸರು ಹೊತ್ತು ವಂಚಿಸುವುದು ಅಪರಾಧ; ನಂಬಿದ್ದು ಅಪರಾಧವಲ್ಲ.

*

'ಯಾರು ಒತ್ತು ಅಂದಿದ್ದು ನಿನ್ನ? ಅಷ್ಟೂ ಗೊತ್ತಾಗಲ್ವಾ?' ಮನೆಯಲ್ಲಿ ಕೇಳುವ ಈ ಒಂದು ಮಾತಿಗೆ ಹೆದರಿ ಎಷ್ಟೋ ಅಪ್ಪಂದಿರು, ಎಷ್ಟೋ ಅತ್ತೆಯರು ಎರಡು ದಿನ ಬಾಯಿ ಬಿಡುವುದಿಲ್ಲ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಹೋಗುವುದು ಆ ಎರಡು ದಿನಗಳಲ್ಲೇ. ಬೈಯುವ ಮಾತನ್ನು ನುಂಗಿಕೊಂಡು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿಕೊಡುವ ಮಗಳು ಆ ಮನೆಯ ಪುಣ್ಯ.

*

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದ್ದು ಇಷ್ಟು: ಪಿನ್, ಪಾಸ್‌ವರ್ಡ್ ಕೊಟ್ಟುಬಿಟ್ಟ ಗ್ರಾಹಕನ ನಷ್ಟ, ಬ್ಯಾಂಕಿಗೆ ತಿಳಿಸುವವರೆಗೆ ಅವನದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆ ಮೇಲ್ ನಮ್ಮಲ್ಲಿ ಹುಟ್ಟಿಸಲು ನೋಡಿದ ಅವಸರ ನಮಗೆ ನಿಜವಾಗಿ ಬೇಕಾಗುವುದು ಇಲ್ಲಿ. ತಿಳಿಸಿದ ಹೊತ್ತಿಗೆ ಸಾಕ್ಷಿಯಾಗಿ ಬ್ಯಾಂಕಿನಿಂದ ದೂರಿನ ನಂಬರ್ ಕೇಳಿ ಪಡೆಯಬೇಕು.

*

1930ಕ್ಕೆ ಹೇಳಿದ ಮೇಲೆ ಸೈಬರ್ ಅಪರಾಧಗಳನ್ನು ನೋಡುವ ಚಿಕ್ಕಬಳ್ಳಾಪುರದ ಸೆನ್ ಪೊಲೀಸ್ ಠಾಣೆಗೆ ಹೋಗುವವರು ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಹಣ ಹೋದ ವ್ಯವಹಾರದ ಯುಟಿಆರ್ ನಂಬರ್ ಇಟ್ಟುಕೊಂಡಿರಲಿ. ನಾಚಿಕೆಗೆ ಆ ಮೇಲನ್ನು ಅಳಿಸಿಹಾಕಬೇಡಿ. ಅದರ ಫೋಟೊ ಹಿಡಿದರೆ ಸಾಲದು, ಮೇಲ್ ಇದ್ದ ಹಾಗೇ ಇನ್‌ಬಾಕ್ಸಿನಲ್ಲಿ ಇರಬೇಕು. ಅದು ಯಾವ ಸರ್ವರಿನಿಂದ ಹೊರಟು ಎಲ್ಲೆಲ್ಲಿ ಹಾದುಬಂತು ಎಂಬ ವಿವರ ಕಣ್ಣಿಗೆ ಕಾಣದ ಹಾಗೆ ಅದರ ತಲೆಬರಹದಲ್ಲಿ ದಾಖಲಾಗಿರುತ್ತದೆ. ತನಿಖೆ ಮಾಡುವವರು ಮೊದಲು ತೆರೆಯುವುದು ಅದನ್ನೇ.