ಮಲ್ಲಿಗೆಗೆ ಒಂದು ಕೊಡ

ಇಂಗ್ಲಿಷ್ ಪದ್ಯದ ‘ಆಟಂ’ ಎಂಬುದನ್ನು ನಾವು ಶರತ್ಕಾಲ ಎಂದೇ ಹೇಳಿಕೊಡುತ್ತೇವೆ. ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳು ‘ದಸರಾ ಹೊತ್ತಿಗೆ ಎಲೆ ಎಲ್ಲಿ ಉದುರುತ್ತೆ ಟೀಚರ್?’ ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದಳು. ನಿಜವೇ. ನಮ್ಮ ಬಯಲುಸೀಮೆಯಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಶಿವರಾತ್ರಿಯ ಆಸುಪಾಸಿನಲ್ಲಿ. ನಮ್ಮ ಹಿತ್ತಲಿನ ಕಾಡುಬಾದಾಮಿಯ ಅಗಲವಾದ ಎಲೆಗಳು ಆಗ ಕುಂಕುಮದ ಬಣ್ಣಕ್ಕೆ ತಿರುಗುತ್ತವೆ. ಪೊರಕೆ ಹಿಡಿದು ಹೋದವಳು ಗುಡಿಸುವುದನ್ನು ಮರೆತು ನಿಂತದ್ದೂ ಉಂಟು.

‘ಮರದ ತ್ಯಾಗ ನೋಡಿ’ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ನಮ್ಮ ವಿಜ್ಞಾನದ ಮೇಡಂ ಕೇಳಿಸಿಕೊಂಡು ನಕ್ಕರು. ಎಲೆಯೊಳಗಿನ ಸತ್ವವನ್ನು ಆದಷ್ಟು ಹಿಂದಕ್ಕೆ ಎಳೆದುಕೊಂಡ ಮೇಲೆಯೇ ಮರ ಅದನ್ನು ಬಿಡುವುದಂತೆ. ಎಲೆ ಕಡಿಮೆಯಾದರೆ ಆವಿಯಾಗಿ ಹೋಗುವ ನೀರೂ ಉಳಿಯಿತು. ತ್ಯಾಗವೂ ಅಲ್ಲ ಏನೂ ಅಲ್ಲ, ಸಂಸಾರಸ್ಥರ ಲೆಕ್ಕಾಚಾರ!

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. 2024ರ ಮಾರ್ಚ್ ಹೊತ್ತಿಗೆ ನಮ್ಮ ಬೀದಿಯ ನಲ್ಲಿಯಲ್ಲಿ ಹತ್ತು ದಿನಕ್ಕೊಮ್ಮೆ ನೀರು. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಕರಿಬೇವಿಗೆ, ದಾಸವಾಳಕ್ಕೆ. ಮಲ್ಲಿಗೆಗೆ ಮಾತ್ರ ಸಂಪಿನ ಒಳ್ಳೆಯ ನೀರು, ದಿನಾ ಒಂದು ಕೊಡ. ಅದು ಅಮ್ಮ ತವರಿನಿಂದ ತಂದು ತಾನೇ ನೆಟ್ಟುಕೊಟ್ಟ ಬಳ್ಳಿ. ಅಮ್ಮ ಈಗಿಲ್ಲ. ತೇವ ಆರದಿರಲೆಂದು ಬುಡದ ಸುತ್ತ ಬಾದಾಮಿಯ ಕೆಂಪೆಲೆಗಳನ್ನು ಹೊದಿಸಿದ್ದೆ.

ಒಂದು ಸಂಜೆ, ಪಾತ್ರೆ ತೊಳೆದುಕೊಡುವಾಕೆ ಹೊರಡುವಾಗ ಕೇಳಿದಳು: ‘ಟೀಚರಮ್ಮ, ಒಂದು ಕೊಡ ಕುಡಿಯೋ ನೀರು ಕೊಡ್ತೀರಾ?’

‘ನಮಗೇ ಸಾಲದಮ್ಮ, ನಾಳೆ ನೋಡೋಣ’ ಎಂದೆ.

ಆಕೆ ಹಿತ್ತಲ ಕಡೆಯಿಂದ ಹೋದಳು. ಆಗಷ್ಟೇ ನೀರು ಕುಡಿದ ಆ ಕೆಂಪೆಲೆಗಳು ಬಿಸಿಲಲ್ಲಿ ಥಳಥಳ ಹೊಳೆಯುತ್ತಿದ್ದವು. ಒಂದು ಕ್ಷಣ ನಿಂತು ನೋಡಿದಳು. ಏನೂ ಅನ್ನಲಿಲ್ಲ.

ಇದನ್ನೇ ತರಗತಿಯಲ್ಲಿ ಪ್ರಶ್ನೆಯಾಗಿ ಕೇಳಿದರೆ ಯಾವ ಮಗುವೂ ತಡವರಿಸುವುದಿಲ್ಲ. ಗಿಡ ಮೊದಲೋ ಮನುಷ್ಯರು ಮೊದಲೋ? ಆದರೆ ನನ್ನ ಪಾಲಿಗೆ ಅದು ಬರೀ ಗಿಡವಾಗಿರಲಿಲ್ಲ. ತನ್ನದು ಎನ್ನುವ ಪ್ರೀತಿಯೇ ಕಣ್ಣಿಗೆ ಪೊರೆಯಾದಾಗ ಏನು ಮಾಡಬೇಕು, ನೀವೇ ಹೇಳಿ. ಮರವೂ ಲೆಕ್ಕ ಹಾಕುತ್ತದೆ, ಒಪ್ಪಿದೆ. ಆದರೆ ಅದು ಬಿಟ್ಟುಕೊಡುವುದು ತನ್ನ ಎಲೆಯನ್ನು. ನಾನು ಉಳಿಸಿಕೊಂಡದ್ದು ಇನ್ನೊಬ್ಬರ ಬಾಯಾರಿಕೆಯ ಮೇಲೆ.

ಮರುದಿನ ನಾನಾಗಿಯೇ ಎರಡು ಕೊಡ ತುಂಬಿಟ್ಟೆ. ಒಯ್ದಳು. ಆಮೇಲೆ ದಿನವೂ ಕೊಟ್ಟೆ. ಆದರೆ ಬಾಯಿಬಿಟ್ಟು ಮತ್ತೆಂದೂ ಕೇಳಲಿಲ್ಲ.

ಮೇ ತಿಂಗಳಲ್ಲಿ ಭರಣಿ ಮಳೆ ಬಂತು. ಸೂರಿನಡಿ ಕೊಳಗ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ಇಟ್ಟೆ. ಅರ್ಧ ಗಂಟೆಯಲ್ಲಿ ಎಲ್ಲವೂ ತುಂಬಿ ಹರಿದವು. ನಾನೂ ಮಕ್ಕಳ ಹಾಗೆ ನೆನೆದೆ.

ಬೆಳಿಗ್ಗೆ ಆಕೆ ಬಂದವಳು ಕೊಳೆತ ಎಲೆಗಳನ್ನು ಕಾಲಲ್ಲಿ ಸರಿಸಿ ಬಗ್ಗಿ ನೋಡಿದಳು. ‘ಚೆನ್ನಾಗಿ ಚಿಗುರೈತೆ ಟೀಚರಮ್ಮ. ಈ ಸಲ ಮೊಗ್ಗು ಜಾಸ್ತಿ ಬರ್ತಾವೆ’ ಎಂದಳು.

ನಾನು ತುಂಬಿದ ಬಕೆಟ್ಟನ್ನು ಎತ್ತಿಕೊಂಡು ಒಳಗೆ ಹೋದೆ.