ಹೋಲಿಸುವ ಕಣ್ಣು

ಹುಬ್ಬಳ್ಳಿಯ ಕಡೆಯಿಂದ ಬಂದು ಮುಂಡಗೋಡಕ್ಕೆ ಹೋಗುವವರು ಹಾದುಹೋಗುವ ತಡಸದಲ್ಲಿ, ಗೋವಿನಜೋಳವು ತೆನೆಗಟ್ಟಿದ ಕಾಲದ ಒಂದು ಸಂಜೆ, ಇಬ್ಬರು ಒಕ್ಕಲಿಗರು ನಮ್ಮ ಬಳಿಗೆ ಬಂದು ತಮ್ಮ ವಾದವನ್ನು ತೀರಿಸಿಕೊಡಬೇಕೆಂದು ಕೇಳಿಕೊಂಡರು. ಇವರು ಅಣ್ಣತಮ್ಮಂದಿರು, ಎರಡು ಹೊಲಗಳಿಗೂ ನಡುವೆ ಒಂದೇ ಬದು. ಇಬ್ಬರಲ್ಲಿಯೂ ಪರವಾನಿಗೆಯುಳ್ಳ ಬಂದೂಕುಗಳಿದ್ದವು. ಅಣ್ಣನದು ಬಂಗಾಲದ ಈಶಾಪುರದ ಸರಕಾರೀ ಕಾರಖಾನೆಯ .315 ರೈಫಲ್ಲು, ತಮ್ಮನದು ಮಾವನ ಮನೆಯಿಂದ ಬಂದ ಮೌಸರ್ ತರದ ಹಳೆಯ ಪರದೇಶೀ ರೈಫಲ್ಲು, ಅದರ ಮೇಲೊಂದು ದುರ್ಬೀನು. “ಮಾಸ್ತರರೇ, ಇವುಗಳಲ್ಲಿ ಯಾವುದು ಶ್ರೇಷ್ಠ? ನೀವೇ ಹೇಳಿರಿ” ಅಂದರು. ಈ ವಾದದ ದೆಸೆಯಿಂದ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣುವದು ನಿಂತಿತ್ತು. ಅಣ್ಣನಂತೂ ಅಂಥದೇ ರೈಫಲ್ಲನ್ನು ಕೊಳ್ಳುವದಕ್ಕೋಸ್ಕರ ಎರಡು ಎಕರೆ ಹೊಲವನ್ನು ಒತ್ತೆಯಿಡಲು ಯೋಚಿಸಿದ್ದನು.

ವಾಚಕರೇ, ವಸ್ತುಗಳನ್ನು ಹೋಲಿಸುವದು ತಾನಾಗಿ ದೋಷವಲ್ಲ. ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ. ಕುಡುಗೋಲು ಕೊಳ್ಳುವವನು ಅಲಗು ನೋಡುತ್ತಾನೆ. ಈ ರೈಫಲ್ಲೂ ಒಳ್ಳೇ ಕೆಲಸಗಾರಿಕೆಯ ವಸ್ತುವೇ. ಮನೆಯ ಕದದ ಅಗುಳಿಯ ಹಾಗೆ ಒಂದು ಉಕ್ಕಿನ ಅಗುಳಿಯನ್ನು ಎತ್ತಿ ಹಿಂದಕ್ಕೆಳೆದರೆ ಬರಿದಾದ ಕಾಡತೂಸು ಹೊರಗೆ ಬೀಳುವದು; ಮುಂದಕ್ಕೆ ನೂಕಿದರೆ ಹೊಸದು ಒಳಗೆ ಸೇರುವದು; ಕೆಳಗೆ ತಿರುಗಿಸಿದರೆ ಭದ್ರವಾಗುವದು. ಜರ್ಮನಿಯ ಪೌಲ್ ಮೌಸರನ 1898ರ ಮಾದರಿಯನ್ನು ಅನುಸರಿಸಿ ಅನೇಕ ದೇಶಗಳವರು ಬೇಟೆಯ ರೈಫಲ್ಲುಗಳನ್ನು ಮಾಡಿದರು. ಇದನ್ನು ಮೆಚ್ಚುವವನನ್ನು ನಾವು ಜರೆಯುವದಿಲ್ಲ.

ಆದರೆ ಹೋಲಿಕೆಗೆ ಒಂದು ಅಳತೆ ಬೇಕು, ಮತ್ತು ಆ ಅಳತೆಯು ಕೆಲಸವೇ. ಕುಡುಗೋಲಿಗೆ ಕೊಯ್ಲು ಇದೆ. ಬೇಟೆಯ ರೈಫಲ್ಲಿಗೆ ಏನಿದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ನಮ್ಮ ದೇಶದಲ್ಲಿ ಬೇಟೆಯ ವಿನೋದವನ್ನು ನಿಲ್ಲಿಸಿಬಿಟ್ಟಿವೆ. ಬೆಳೆಯನ್ನು ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಬೇಕಾದರೂ ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಬೇಕು. 2019ರ ತಿದ್ದುಪಡಿಯಾದಂದಿನಿಂದ ಸಾಮಾನ್ಯನಾದ ಒಬ್ಬನು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳುವಂತಿಲ್ಲ. ಹೀಗೆ ಕೆಲಸವು ಕಡಿಮೆಯಾಯಿತು, ಹೋಲಿಕೆಯೋ ಕಡಿಮೆಯಾಗಲಿಲ್ಲ. ಅಳತೆಯಿಲ್ಲದ ಹೋಲಿಕೆಯು ವಸ್ತುವಿನ ಮೇಲೆ ನಿಲ್ಲಲಾರದೆ ಅದರ ಒಡೆಯನ ಮೇಲೆ ಹೋಗುತ್ತದೆ. ಆಗ “ನಿನ್ನ ಬಂದೂಕಿಗಿಂತ ನನ್ನದು ಮೇಲು” ಎಂಬ ಮಾತಿಗೆ “ನಿನಗಿಂತ ನಾನು ಮೇಲು” ಎಂಬುದೇ ಅರ್ಥ.

“ಆಯುಧವು ಮನುಷ್ಯನ ಮಾನವಲ್ಲವೇ?” ಎಂದು ಅಣ್ಣನು ಕೇಳಿದನು. ಪ್ರಶ್ನೆಯು ಹಗುರವಾದದ್ದಲ್ಲ. 1857ರಲ್ಲಿ ಸರಕಾರವು ಆಯುಧಗಳನ್ನು ಒಪ್ಪಿಸಿರೆಂದು ಆಜ್ಞಾಪಿಸಿದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರ ಊರು ಸುಡಲ್ಪಟ್ಟಿತು, ಹಲವರು ಗಲ್ಲಿಗೇರಿದರು. ಕೊಡಗಿನಲ್ಲಿ ಇಂದಿಗೂ ಕೈಲ್‌ಪೋಳ್ದ್ ಹಬ್ಬದಂದು ಕೋವಿಯನ್ನು ಹೂವಿನಿಂದ ಸಿಂಗರಿಸುತ್ತಾರೆ. ಆದರೆ ಹಲಗಲಿಯವರು ಜೀವ ಕೊಟ್ಟದ್ದು ಒಳ್ಳೇ ಬಂದೂಕಿಗೋಸ್ಕರವಲ್ಲ, ತಮ್ಮ ಬದುಕನ್ನು ಪರರು ಕಸಿಯಬಾರದೆಂಬುದಕ್ಕೋಸ್ಕರ. ಕೊಡಗಿನ ಮನೆಯ ಕೋವಿಗೆ ಬೆಲೆ ಬಂದದ್ದು ಹಿರಿಯರು ಅದನ್ನು ಒಪ್ಪಿಸಿಹೋದ ಹೊಣೆಯಿಂದ. ನೆರೆಯವನನ್ನು ಕೀಳುಮಾಡುವದರಿಂದ ಬರುವ ಮಾನವು ಇವೆರಡರಲ್ಲಿಯೂ ನಮಗೆ ಕಾಣುವದಿಲ್ಲ.

ಮರುದಿನ ಮುಂಜಾನೆ ತಮ್ಮನು ಒಬ್ಬನೇ ಬಂದನು. ಬಹಳ ಹೊತ್ತು ಸುಮ್ಮನೆ ಕೂತನು. ಆಮೇಲೆ ಹೇಳಿದ್ದೇನಂದರೆ: ಹದಿನೈದು ದಿವಸಗಳ ಹಿಂದೆ, ಬೆಳದಿಂಗಳ ರಾತ್ರಿ, ಬದುವಿನ ಮೇಲೆ ಕರ್ರಗಿನದೊಂದು ಅಲುಗಾಡಿತು. ಹಂದಿಯೋ ಏನೋ ಎಂದು ನೋಡುವದಕ್ಕೆ ಅವನು ರೈಫಲ್ಲನ್ನೆತ್ತಿ ದುರ್ಬೀನಿಗೆ ಕಣ್ಣು ಹಚ್ಚಿದನು. ಕೂಡುಗೆರೆಯ ನಟ್ಟನಡುವೆ ಕಂಡದ್ದು ಕಂಬಳಿ ಹೊದ್ದು ಬೆಳೆ ಕಾಯುತ್ತಿದ್ದ ಅಣ್ಣನ ಎದೆ. “ನೋಡಬೇಕೆಂದೇ ಎತ್ತಿದೆ, ಮಾಸ್ತರರೇ. ಆದರೆ ಕಣ್ಣು ಹೋದಲ್ಲಿಗೆ ನಳಿಕೆಯೂ ಹೋಗಿತ್ತು” ಅಂದನು.

ಬಂದೂಕು ಬಲ್ಲವರು ಮೊದಲು ಕಲಿಸುವ ನಿಯಮವೂ ಇದೇ: ರೈಫಲ್ಲಿನ ದುರ್ಬೀನಿನಿಂದ ಗುರುತು ಹಿಡಿಯಬಾರದು, ಯಾಕಂದರೆ ಅದರಲ್ಲಿ ನೋಡುವದೇ ಗುರಿಯಿಡುವದು. ಮತ್ಸರದ ಕಣ್ಣು ಸಹ ಅಂಥ ದುರ್ಬೀನೇ. ನೆರೆಯವನ ಎತ್ತು, ಮನೆ, ಮಗನ ನೌಕರಿ, ಇವನ್ನು ಸುಮ್ಮನೆ ನೋಡುತ್ತೇವೆಂದು ನಾವು ತಿಳಿಯುತ್ತೇವೆ. ಆದರೆ ನೋಡುವಾಗಲೇ ಗುರಿಯಿಟ್ಟಿರುತ್ತೇವೆ. ದೂರದ್ದನ್ನು ಹತ್ತಿರಕ್ಕೆ ತರುವ ಆ ಗಾಜು ಒಡಹುಟ್ಟಿದವನನ್ನು ಹತ್ತಿರಕ್ಕೆ ತರಲಾರದು.

“ಇದನ್ನು ನಮಗಲ್ಲ, ನಿನ್ನ ಅಣ್ಣನಿಗೆ ಹೇಳು” ಎಂದು ನಾವು ಅವನನ್ನು ಕಳುಹಿಸಿದೆವು. ಅವನು ಹೋಗಿ ಹೇಳಿದನು. ಅಣ್ಣನು ಏನೂ ಮಾತಾಡದೆ ಒಳಗೆ ಹೋಗಿ ಇನ್ನೊಂದು ತಾಟು ಹಾಕಿಸಿದನಂತೆ. ಹೊಲವು ಒತ್ತೆ ಬೀಳಲಿಲ್ಲ. ಅವರೀಗ ಒಂದೇ ಅಟ್ಟಣಿಗೆಯ ಮೇಲೆ ಕೂತು, ತಗಡು ಬಡಿದು, ಬ್ಯಾಟರಿ ಬೆಳಕು ಬಿಟ್ಟು, ಎರಡೂ ಹೊಲಗಳನ್ನು ಕಾಯುತ್ತಾರೆ. ಯಾವ ರೈಫಲ್ಲು ಶ್ರೇಷ್ಠವೆಂದು ಅವರು ನಮ್ಮನ್ನು ತಿರಿಗಿ ಕೇಳಲಿಲ್ಲ.