ತಿಥಿಯೂ ಅತಿಥಿಯೂ

ಹಬ್ಬವೆಂಬುದಕ್ಕೆ ಎರಡು ಅಂಗಗಳಿವೆ. ಮೊದಲನೆಯದು ಕಾಯುವುದು, ಎರಡನೆಯದು ಸಂತೋಷಿಸುವುದು. ಏಕಾದಶಿಯ ಉಪವಾಸವನ್ನು ಮಾಡದವನಿಗೆ ದ್ವಾದಶಿಯ ಪಾರಣೆಯು ಎಂದಿನ ಊಟವೇ ಸರಿ. ಈ ನಿಯಮವು ನಮ್ಮ ವ್ರತಗಳಿಗೆ ಮಾತ್ರ ಸೇರಿದುದಲ್ಲ. ಕ್ರೈಸ್ತರು ಡಿಸೆಂಬರ್ 25ರಂದು ಆಚರಿಸುವ ಕ್ರಿಸ್ತಜಯಂತಿಗೂ ಇಂತಹ ಪೂರ್ವಾಂಗವೊಂದುಂಟು. ಅದನ್ನು ಅವರು ಆಗಮನ ಕಾಲವೆನ್ನುತ್ತಾರೆ. ಈಚೆಗೆ ಹಬ್ಬವು ಎಲ್ಲರ ಕಣ್ಣಿಗೂ ಬೀಳುತ್ತಿದೆ; ಪೂರ್ವಾಂಗವು ಮರೆಯಾಗುತ್ತಿದೆ. ಇದರಿಂದಾಗುವ ನಷ್ಟವೇನೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಈ ವಿಚಾರವೇಕೆಂದು ವಾಚಕರು ಕೇಳಬಹುದು. ಕನ್ನಡಕ್ಕೆ ಕ್ರಿಸ್ತಚರಿತ್ರೆಯು ಹೊಸದಲ್ಲ. 1894ರಲ್ಲಿ ಮಂಗಳೂರಿನಿಂದ ಮಹಾನಿಘಂಟನ್ನು ಹೊರಡಿಸಿದ ಕಿಟ್ಟೆಲರು 1862ರಲ್ಲಿಯೇ ಆ ಚರಿತ್ರೆಯನ್ನು ನಮ್ಮ ಹಾಡುಗಳ ರೀತಿಯಲ್ಲಿ ‘ಕಥಾಮಾಲೆ’ಯಾಗಿ ರಚಿಸಿದರು. ಘಟ್ಟದ ಕೆಳಗಿನಿಂದ ಬಂದ ಕ್ರೈಸ್ತ ಕುಟುಂಬಗಳು ಮಲೆನಾಡಿನಲ್ಲಿ ತಲೆಮಾರುಗಳಿಂದ ನೆಲಸಿವೆ. ಚಿಕ್ಕಮಗಳೂರು ಧರ್ಮಪ್ರಾಂತ್ಯವು 1963ರಲ್ಲಿ ಸ್ಥಾಪಿತವಾಯಿತು. ನೆರೆಯವರು ಕಳುಹಿಸಿದ ಕುಸ್ವಾರಿನ ತಟ್ಟೆಯನ್ನು ಸ್ವೀಕರಿಸಿ, ಆ ಹಬ್ಬದ ಅರ್ಥವನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸುವುದು ಶಿಷ್ಟರಿಗೆ ಉಚಿತವಲ್ಲ.

ಆಗಮನ ಕಾಲವು ಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡಿದೆ. ಆಗ ಕ್ಯಾಥೊಲಿಕ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರಗಳನ್ನು ಧರಿಸುವರು. ಇತರ ಭಾನುವಾರಗಳ ಪೂಜೆಯಲ್ಲಿ ಹಾಡುವ ಮಹಿಮಾಗೀತವನ್ನು ಈ ಭಾನುವಾರಗಳಲ್ಲಿ ಹಾಡದೆ, ಜಯಂತಿಗೆಂದು ಕಾಯ್ದಿಡುವರು. 5ನೆಯ ಶತಮಾನದಲ್ಲಿ ಗಾಲ್ ದೇಶದ ತೂರ್ ನಗರದ ಧರ್ಮಾಧ್ಯಕ್ಷ ಪೆರ್ಪೆತುವಸನು, ನವೆಂಬರ್ 11ರ ಸಂತ ಮಾರ್ತಿನನ ಹಬ್ಬದಿಂದ ಜಯಂತಿಯವರೆಗೆ ವಾರಕ್ಕೆ ಮೂರು ಉಪವಾಸಗಳನ್ನು ವಿಧಿಸಿದ್ದನು. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡಬಾಲಕರ ಆಶ್ರಮವನ್ನು ನಡೆಸುತ್ತಿದ್ದ ವಿಖರ್ನ್ ಎಂಬ ಪಾದ್ರಿಯು, ಮಕ್ಕಳು ದಿನಗಳನ್ನೆಣಿಸುವಂತೆ, ಚಕ್ರವೊಂದರ ಮೇಲೆ ದಿನಕ್ಕೊಂದರಂತೆ ಮೇಣದ ಬತ್ತಿಗಳನ್ನು ಬೆಳಗಿಸುತ್ತ ಬಂದನು. ಇವೆಲ್ಲಕ್ಕೂ ತಾತ್ಪರ್ಯವೊಂದೇ: ಬರುವವನಿಗೆ ಸ್ಥಳವನ್ನು ಅಣಿಗೊಳಿಸುವುದು.

ಆ ಬರುವವನು ಎಂಥವನು? ಇಲ್ಲಿ ಸಂಸ್ಕೃತದ ಒಂದು ಶಬ್ದವು ನಮಗೆ ಸಹಾಯಕವಾಗುವುದು. ಬರುವುದಕ್ಕೆ ಗೊತ್ತಾದ ತಿಥಿಯಿಲ್ಲದವನೇ ಅತಿಥಿಯೆಂದು ಹಿರಿಯರು ಹೇಳುವರು. ಯೇಸುವಿನ ಜನ್ಮತಿಥಿಯನ್ನು ಸುವಾರ್ತೆಗಳು ಹೇಳಿಲ್ಲ. ಡಿಸೆಂಬರ್ 25ರ ಆಚರಣೆಗೆ ರೋಮಿನಲ್ಲಿ 336ರಷ್ಟು ಹಿಂದಿನ ಆಧಾರವುಂಟು. ಅದು ಸಭೆಯು ಗೊತ್ತುಮಾಡಿಕೊಂಡ ದಿನ. ಸುವಾರ್ತೆಗಳು ಹೇಳುವುದು ತಿಥಿಯನ್ನಲ್ಲ, ಅತಿಥಿಯನ್ನು. ಚಕ್ರವರ್ತಿ ಔಗುಸ್ತನ ಜನಗಣತಿಗಾಗಿ ಬೆತ್ಲೆಹೇಮಿಗೆ ಬಂದ ದಂಪತಿಗಳಿಗೆ ಛತ್ರದಲ್ಲಿ ಸ್ಥಳ ದೊರೆಯಲಿಲ್ಲ; ಹುಟ್ಟಿದ ಶಿಶುವನ್ನು ಗೋದಲಿಯಲ್ಲಿ ಮಲಗಿಸಬೇಕಾಯಿತೆಂದು ಲೂಕನು ಬರೆದಿದ್ದಾನೆ. ಗೋದಲಿಯೆಂದರೆ ಕೊಟ್ಟಿಗೆಯಲ್ಲಿ ದನಗಳಿಗೆ ಹುಲ್ಲು ಹಾಕುವ ಜಾಗ. ಭಾಗವತದಲ್ಲಿ ಕೃಷ್ಣನು ಸೆರೆಮನೆಯಲ್ಲಿ ಜನಿಸಿದರೂ ಮೊದಲು ಚತುರ್ಭುಜನಾಗಿ ತಾಯಿತಂದೆಗಳಿಗೆ ಗೋಚರಿಸುವನು. ಇಲ್ಲಿಯಾದರೋ ಶಿಶುವಿನಲ್ಲಿ ಶಂಖವಿಲ್ಲ, ಚಕ್ರವಿಲ್ಲ. ಕುರುಬರಿಗೆ ದೇವದೂತನು ಹೇಳಿದ ಗುರುತೆಂದರೆ ಸುತ್ತಿದ ಬಟ್ಟೆ ಮತ್ತು ಗೋದಲಿ. ಬಡತನವೇ ಗುರುತಾದ ಮೇಲೆ, ಬಡವರ ಮುಖವನ್ನು ನೋಡಲೊಲ್ಲದವನು ದೇವರನ್ನು ಗುರುತಿಸುವುದೆಂತು? ಹಸಿದವನಿಗೂ ಪರದೇಶಿಗೂ ಮಾಡಿದುದು ತನಗೇ ಮಾಡಿದುದೆಂದು ಯೇಸುವು ಹೇಳಿದನೆಂದು ಮತ್ತಾಯನ ಸುವಾರ್ತೆಯಲ್ಲಿದೆ. ಆದಕಾರಣ ಆಗಮನ ಕಾಲವು ಹಿಂದೊಮ್ಮೆ ಬಂದವನ ಸ್ಮರಣೆ, ಅಂತ್ಯದಲ್ಲಿ ಬರುವವನ ನಿರೀಕ್ಷೆ. ಇವೆರಡರ ನಡುವೆ, ಈ ಹೊತ್ತು ಬಾಗಿಲಿಗೆ ಬಂದವನ ಪರಿಗ್ರಹ.

ಇದಕ್ಕೆ ಒಂದು ಪೂರ್ವಪಕ್ಷವುಂಟು. ನಕ್ಷತ್ರದೀಪ, ಕೇಕು, ಉಡುಗೊರೆಗಳಿಂದ ಮಕ್ಕಳಿಗೆ ಸಂತೋಷ, ವರ್ತಕರಿಗೆ ಜೀವನ. ಅನ್ಯಮತೀಯರೂ ಇದರಲ್ಲಿ ಸೇರುತ್ತಾರೆ. ಇಷ್ಟಕ್ಕೇಕೆ ಉಪವಾಸದ ಮಾತು ಎಂದು. ಸಂತೋಷದಲ್ಲಿ ದೋಷವಿಲ್ಲ. ಆದರೆ ಅಂಗಡಿಗೆ ಕಾಯುವುದು ತಿಳಿಯದು. ಹಬ್ಬಕ್ಕೆ ತಿಂಗಳ ಮುಂಚೆಯೇ ಅದು ಹಬ್ಬವನ್ನು ಮಾರತೊಡಗುವುದು. 25ರ ಸಂಜೆಗೆ ನಕ್ಷತ್ರಗಳನ್ನು ಇಳಿಸಲು ತೊಡಗುವುದು. ದೇವಾಲಯದಲ್ಲಿ ಹಬ್ಬವು ಆರಂಭವಾಗುವುದು ಅಂದೇ. ಕಾಯುವುದೆಂದರೆ ನನ್ನಲ್ಲಿ ಏನೋ ಒಂದು ಕೊರತೆಯಿದೆಯೆಂದು ಒಪ್ಪಿಕೊಳ್ಳುವುದು. ಕೇಳುವ ಮುಂಚೆಯೇ ಎಲ್ಲವನ್ನೂ ಪಡೆದವನಿಗೆ ತನ್ನ ಕೊರತೆ ತಿಳಿಯದು. ತನ್ನದು ತಿಳಿಯದವನಿಗೆ ಪರರದು ತಿಳಿಯುವುದು ಇನ್ನೂ ಕಷ್ಟ. ಆಧುನಿಕ ಜಗತ್ತಿನ ದೊಡ್ಡ ನಷ್ಟವು ಇದೇ.

ಈ ಮಾತು ಕ್ರೈಸ್ತರಿಗೆ ಮಾತ್ರವೆಂದು ಯಾರೂ ತಿಳಿಯತಕ್ಕದ್ದಲ್ಲ. ನಮ್ಮ ಭಂಡಿಗಡಿಯ ಕಡೆಯಲ್ಲಿ ಡಿಸೆಂಬರ್ ತಿಂಗಳೆಂದರೆ ಅಡಿಕೆಯ ಕೊಯ್ಲು, ಕಾಫಿಹಣ್ಣಿನ ಕೊಯ್ಲು. ದೂರದೂರುಗಳಿಂದ ಕೂಲಿಯವರು ಕಂಕುಳಲ್ಲಿ ಶಿಶುಗಳನ್ನೆತ್ತಿಕೊಂಡು ಬರುತ್ತಾರೆ. ಅವರು ಬರುವ ದಿನವನ್ನು ಪಂಚಾಂಗವು ಹೇಳದು. ಅವರ ದುಡಿಮೆಗೆ ತೋಟದಲ್ಲಿ ಸ್ಥಳವಿದೆ. ಚಳಿಯ ರಾತ್ರಿಯಲ್ಲಿ ಮಲಗುವುದಕ್ಕೆ ಸೋರದ ಸೂರಿದೆಯೇ, ಜ್ವರ ಬಂದ ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯುವವರಿದ್ದಾರೆಯೇ ಎಂದು ಯಜಮಾನರಾದವರು ಹಿಂದೂಗಳಾಗಲಿ ಕ್ರೈಸ್ತರಾಗಲಿ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಬೆತ್ಲೆಹೇಮಿನ ಛತ್ರದವರ ಮೇಲೆ ಲೂಕನು ಕ್ರೌರ್ಯವನ್ನು ಆರೋಪಿಸಿಲ್ಲ. ಅಲ್ಲಿ ಸ್ಥಳವಿರಲಿಲ್ಲವೆಂದಷ್ಟೇ ಹೇಳಿದ್ದಾನೆ. ಲೋಕದ ಅನ್ಯಾಯಗಳಲ್ಲಿ ಬಹುಭಾಗವು ನಡೆಯುವುದು ಕ್ರೂರಿಗಳಿಂದಲ್ಲ, ಸ್ಥಳವಿಲ್ಲವೆಂದು ವಿನಯದಿಂದಲೇ ಹೇಳುವ ಸಜ್ಜನರಿಂದ.

ಅತಿಥಿಯಲ್ಲಿ ದೇವಬುದ್ಧಿಯನ್ನಿಡಬೇಕೆಂಬ ಉಪದೇಶವು ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿದೆ. ಕಠೋಪನಿಷತ್ತಿನಲ್ಲಿ ಬಾಲಕ ನಚಿಕೇತನು ಯಮನ ಮನೆಯಲ್ಲಿ ಮೂರು ರಾತ್ರಿ ಅನ್ನವಿಲ್ಲದೆ ಉಳಿದನು. ಹಿಂದಿರುಗಿದ ಯಮನು ಬಾಲಕನಿಗೆ ನಮಸ್ಕರಿಸಿ, ಉಪವಾಸದ ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರಗಳನ್ನಿತ್ತನು. ಮೃತ್ಯುದೇವನೇ ಅಂಜಿದ ದೋಷಕ್ಕೆ ಮರ್ತ್ಯರು ಅಂಜದಿರುವುದು ಧೈರ್ಯವಲ್ಲ, ಅವಿವೇಕ.